ಮಂಗಳವಾರದ ಫೋನು

ತಬಸ್ಸುಮ ಮತ್ತು ಶಿವಲಕ್ಷ್ಮಿ ಗದಗಿನ ಶೇಂಗಾ ಬೆಳೆಗಾರರ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಒಂದೇ ಮೇಜಿಗೆ ಕೂತು ಕೆಲಸ ಮಾಡಿದವರು. ಹೊಂಬಳ, ಬೆಳ್ಳಟ್ಟಿ ಕಡೆಯಿಂದ ಬರುವ ಇಳುವರಿಯ ಅಂಕಿಅಂಶಗಳ ವಿಶ್ಲೇಷಣೆ ಅವರ ಕೆಲಸ. ಶಿವಲಕ್ಷ್ಮಿಗೆ ಮುಂಡರಗಿ ಕಚೇರಿಗೆ ವರ್ಗವಾದ ಮೇಲೆ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಊಟದ ಡಬ್ಬಿ ತೆರೆದಾಗಲೆಲ್ಲ ತಬಸ್ಸುಮ ಅತ್ತ ನೋಡುತ್ತಿದ್ದಳು.

ಪ್ರತಿ ಮಂಗಳವಾರ ಅವಳು ತಾನು ಬರೆದ ಪ್ರೋಗ್ರಾಮನ್ನೂ ಅಂಕಿಅಂಶದ ಫೈಲನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಮುಂಡರಗಿಗೆ ಕಳಿಸುತ್ತಿದ್ದಳು. ಅಲ್ಲಿ ಅದು ಓಡುತ್ತಿರಲಿಲ್ಲ. ಫೈಲ್ ಎಲ್ಲಿದೆ ಎಂದು ತಿಳಿಸುವ ಸಾಲಿನಲ್ಲಿ, ಡಿ ಡ್ರೈವಿನಿಂದ ಹಿಡಿದು, ತಬಸ್ಸುಮಳ ಕಂಪ್ಯೂಟರಿನ ಪೂರ್ತಿ ವಿಳಾಸವಿತ್ತು. ಮುಂಡರಗಿಯ ಕಂಪ್ಯೂಟರಿನಲ್ಲಿ ಅಂಥ ಜಾಗವೇ ಇರಲಿಲ್ಲ.

ಆಗ ಶಿವಲಕ್ಷ್ಮಿಯ ಫೋನು. “ಮತ್ತ ಫೈಲ್ ಸಿಗವಲ್ದು ನೋಡವಾ. ಏನ್ ಬರೀಲಿ ಇಲ್ಲೆ?”

“ನನ್ನ ವಿಳಾಸ ಅಳಸ್ರಿ ಅಕ್ಕಾ, ನಿಮ್ಮ ಫೋಲ್ಡರಿಂದು ಹಾಕ್ರಿ.”

ಅಷ್ಟಕ್ಕೆ ಮಾತು ಮುಗಿಯುತ್ತಿರಲಿಲ್ಲ. ತಬಸ್ಸುಮಳ ಅಮ್ಮಿಯ ಮಂಡಿನೋವು, ಶಿವಲಕ್ಷ್ಮಿಯ ಮಗನ ಶಾಲೆ, ಹೊಸ ಊರಿನ ನೀರು, ಎಲ್ಲ ಬರುತ್ತಿದ್ದವು.

ಒಮ್ಮೆ ವ್ಯವಸ್ಥಾಪಕ ವಿರೂಪಾಕ್ಷಪ್ಪ ಬಂದು, “ಲಕ್ಷ್ಮೇಶ್ವರದ ನಮ್ಮ ಆಫೀಸಿನಾಗೂ ಇದ ತಕರಾರು ಐತಿ. ಎಲ್ಲಾ ಕಡೆ ತಾನ ಓಡೂ ಹಂಗ ಮಾಡವಾ” ಎಂದರು.

ಉಪಾಯ ಸರಳವಾಗಿತ್ತು. ಪೂರ್ತಿ ವಿಳಾಸ ತೆಗೆದು, ದಾರಿ ಆ ಫೋಲ್ಡರಿನಿಂದಲೇ ಶುರುವಾಗುವಂತೆ ಬರೆದರಾಯಿತು. ಆಮೇಲೆ ಫೋಲ್ಡರನ್ನು ಯಾವ ಕಂಪ್ಯೂಟರಿಗೆ ಒಯ್ದರೂ ಫೈಲ್ ಸಿಗುತ್ತದೆ. ತಬಸ್ಸುಮ ಹಾಗೆಯೇ ಬರೆದು, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದಳು. ಓಡಿತು. ಕಳಿಸಲು ಮಾತ್ರ ಮನಸ್ಸಾಗಲಿಲ್ಲ. ಕೊನೆಗೆ ಕಳಿಸಿದಳು.

ಆ ಮಂಗಳವಾರ ಫೋನು ಬರಲಿಲ್ಲ. ಸಂಜೆ ಒಂದು ಮೆಸೇಜು: “ಓಡಿತವಾ. ಛಲೋ ಆತು.” ಮುಂದಿನ ವಾರ ಅದೂ ಇಲ್ಲ.

ಐತವಾರ ತಬಸ್ಸುಮ ಮುಂಡರಗಿ ಬಸ್ಸು ಹತ್ತಿದಳು. ಬಾಗಿಲು ತೆರೆದ ಶಿವಲಕ್ಷ್ಮಿ ಗಾಬರಿಯಾದಳು.

“ಯಾಕವಾ, ಏನಾತು?”

“ಏನೂ ಇಲ್ರಿ. ನಿಮ್ಮನ್ನ ನೋಡಬೇಕ ಅನಿಸ್ತು.”

ಚಹಾ ಕುಡಿಯುತ್ತ ಶಿವಲಕ್ಷ್ಮಿ ಹೇಳಿದಳು: “ಆ ಸಾಲು ತಿದ್ದೂದು ನನಗ ಮೊದಲನೇ ಸಲಾನ ತಿಳದಿತ್ತು.”

“ಮತ್ಯಾಕ ವಾರಾ ವಾರಾ ಕೇಳತಿದ್ರಿ?”

“ಸುಮ್ನ ಫೋನ್ ಮಾಡಿದ್ರ ನೀ ಏನ ಅನ್ಕೋತಿಯೋ ಅಂತ.” ನಕ್ಕಳು, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಐತವಾರ ತಾನೇ ಗದಗಿಗೆ ಬರುವುದಾಗಿ ಶಿವಲಕ್ಷ್ಮಿ ಹೇಳಿದ್ದಳು. ಅಂದು ಮಗನಿಗೆ ಜ್ವರ ಬಂತು. ಫೋನಿನಲ್ಲಿ ಅವಳ ದನಿ ಕೇಳಿದಾಗ ತಬಸ್ಸುಮಳಿಗೆ ಹೇಗಾದರೂ ಬರ್ರಿ ಎನ್ನಬೇಕೆನಿಸಿತು. “ಮಗನ್ನ ನೋಡಕೋರಿ ಅಕ್ಕಾ” ಎಂದಳು. ಒಲೆಯ ಮೇಲೆ ಅಕ್ಕನಿಗೆಂದು ಮಾಡಿದ ಶಾವಿಗೆ ಪಾಯಸ ಆರುತ್ತಿತ್ತು.