ಅಳಿಯನ ಸ್ನಾನ

"ಮೊದಲು ಮಿಷನ್ ಸುತ್ತ ನೀರು ಹೊಡಿಯೇ ಮುಂಡೇದೆ. ನಿನ್ನ ಬಾಯಿ ಆಮೇಲೆ ತೊಳ್ಕೊಳ್ಳುವಂತೆ."

ಮೇಸ್ತ್ರಿ ನನ್ನ ಕೈಯಿಂದ ಪೈಪು ಕಿತ್ತು ಕಂಬದ ಕಡೆಗೆ ತಿರುಗಿಸಿದ. ನಾನು ದೂಳು ತುಂಬಿದ ಬಾಯನ್ನು ಹಾಗೇ ಮುಚ್ಚಿಕೊಂಡೆ.

ನಾಲ್ಕು ರಸ್ತೆ ಕೂಡುವಲ್ಲಿ, ಕಂಬದ ಮೇಲೆ, ಗಾಳಿಯ ದೂಳು ಹೊಗೆ ಅಳೆಯುವ ಮಿಷನ್ ಪೆಟ್ಟಿಗೆಯಿದೆ. ಅದರ ಕೆಳಗೊಂದು ಬೋರ್ಡು. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಕೆಂಪಾದರೆ ಆಫೀಸಿನ ಸಾಹೇಬರು ಮೇಸ್ತ್ರಿಗೆ ಉಗಿಯುತ್ತಾರೆ, ಮೇಸ್ತ್ರಿ ಅದನ್ನು ಬಡ್ಡಿ ಸೇರಿಸಿ ನಮಗೆ ದಾಟಿಸುತ್ತಾನೆ. ಅದಕ್ಕೇ ನೀರಿನ ಡ್ರಮ್ಮಿನ ತಳ್ಳುಗಾಡಿ ಕಂಬದ ಬುಡ ಬಿಟ್ಟು ಅಲ್ಲಾಡುವುದಿಲ್ಲ. ಅಲ್ಲಿ ಪೊರಕೆ ಆಡಿಸುವ ಹಾಗಿಲ್ಲ, ಬರೀ ನೀರು. ಉಳಿದ ರಸ್ತೆಯನ್ನೆಲ್ಲ ನೀರಿಲ್ಲದೆ ಗುಡಿಸಬೇಕು. ಪೆಟ್ಟಿಗೆಗೆ ನಾವು ಅಳಿಯ ಎಂದು ಹೆಸರಿಟ್ಟಿದ್ದೆವು. ದುಡಿಮೆಯಿಲ್ಲ, ಎತ್ತರದ ಜಾಗ, ಹೊತ್ತುಹೊತ್ತಿಗೆ ಸ್ನಾನ.

ನೀರು ಹೊಡೆಯುವುದು ನನ್ನ ಕೆಲಸ. ಬೋರ್ಡು ಹಸಿರಾದಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಒಣ ರಸ್ತೆ ಅತ್ತಿಗೆಯ ಪಾಲು. ಅಣ್ಣ ಸತ್ತಮೇಲೂ ನನ್ನನ್ನು ಕೈಬಿಡದೆ ಸಾಕಿದವಳು, ಪೊರಕೆ ಹಿಡಿಯಲು ಕಲಿಸಿದವಳು ಅವಳು. ಈಗ ನಾಲ್ಕು ಹೆಜ್ಜೆಗೆ ಏದುಸಿರು. ಮಲಗಿದರೆ ಕೆಮ್ಮು ಬರುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.

ಡಾಕ್ಟರು ಎದೆ ಪರೀಕ್ಷೆ ಮಾಡಿ, "ದೂಳಿನಿಂದ ದೂರ ಇರಮ್ಮ" ಎಂದರು.

"ಪೊರಕೆ ಎಷ್ಟುದ್ದ ಇದೆಯೋ ಅಷ್ಟು ದೂರ ಇದ್ದೀನಿ ಸ್ವಾಮಿ" ಎಂದಳು ಅತ್ತಿಗೆ.

ಡಾಕ್ಟರು ನಗಲಿಲ್ಲ. "ಇನ್ನೊಂದು ಬೇಸಿಗೆ ಹೀಗೇ ಗುಡಿಸಿದ್ರೆ ಇವರು ಉಳಿಯಲ್ಲ" ಎಂದು ನನಗೆ ಹೇಳಿದರು. ಅತ್ತಿಗೆಗೂ ಕೇಳಿಸಿತು.

ಆಫೀಸಿನೊಳಗೆ ನೆಲ ಒರೆಸುವ ಕೆಲಸ ಖಾಲಿಯಿತ್ತು. ಅತ್ತಿಗೆಯನ್ನು ಅಲ್ಲಿಗೆ ಹಾಕಿ ಎಂದು ಕೇಳಲು ಸಾಹೇಬರ ಕೋಣೆಗೆ ಹೋದೆವು. ಕುರ್ಚಿಗಳು ಖಾಲಿಯಿದ್ದವು, ನಾವು ನಿಂತಿದ್ದೆವು. ಮೂಲೆಯಲ್ಲಿ ಗಾಳಿ ಶುದ್ಧಮಾಡುವ ಮಿಷನ್ನು ಗುಂಯ್ ಎನ್ನುತ್ತಿತ್ತು. ಅಲ್ಲಿ ನಿಂತಷ್ಟು ಹೊತ್ತು ಅತ್ತಿಗೆ ಒಂದು ಸಲವೂ ಕೆಮ್ಮಲಿಲ್ಲ. ಅದೇ ಮುಳುವಾಯಿತು.

"ಎಲ್ಲಿ ಕೆಮ್ಮು?" ಎಂದರು ಸಾಹೇಬರು.

"ಹೊರಗಡೆ ಬರುತ್ತೆ ಸ್ವಾಮಿ."

"ಹೊರಗಡೆ ಗಾಳಿ ಚೆನ್ನಾಗಿದೆ. ಬೋರ್ಡ್ ನೋಡಿಲ್ವಾ? ದಿನಾ ಹಸಿರು. ಬೀಡಿಗೀಡಿ ಸೇದ್ತೀಯೇನು?"

ಬಾಗಿಲಲ್ಲಿದ್ದ ಮೇಸ್ತ್ರಿ, "ಸೋಮಾರಿ ಕೆಮ್ಮು ಸಾರ್" ಎಂದ. ಸಾಹೇಬರು ನಕ್ಕು ಬೇರೆ ಕಾಗದ ಎತ್ತಿಕೊಂಡರು.

ಆ ಹಸಿರು ನಾನು ನೀರು ಹೊಡೆದು ತಂದದ್ದು. ನನ್ನ ಕೈಯಾರೆ ಅತ್ತಿಗೆಯ ತಲೆಮೇಲೆ ಕಲ್ಲು ಹಾಕಿದ್ದೆ.

ಮರುದಿನ ಬೆಳಿಗ್ಗೆ ನಾನು ಪೈಪು ಮುಟ್ಟಲಿಲ್ಲ. ಪೊರಕೆ ತೆಗೆದುಕೊಂಡು ಕಂಬದ ಬುಡ ಗುಡಿಸಿದೆ, ನೀರಿಲ್ಲದೆ, ಅತ್ತಿಗೆ ದಿನಾ ಗುಡಿಸುವ ಹಾಗೆ. ಪಕ್ಕದ ರಸ್ತೆ ಗುಡಿಸುವ ಹೆಂಗಸರು ನೋಡಿದರು. ತಮ್ಮ ಪೊರಕೆಗಳ ಜೊತೆ ಬಂದು ಸೇರಿಕೊಂಡರು. ಬಸ್ಸಿನ ಮಸಿ, ಟೈರು ಸವೆದ ಪುಡಿ, ಸಿಮೆಂಟು ಎಲ್ಲ ಎದ್ದು ಅಳಿಯನ ಮುಖಕ್ಕೆ ಹೋಯಿತು. ಬೋರ್ಡು ಹಳದಿಯಾಯಿತು, ಕೆಂಪಾಯಿತು. ಕೆಂಪಿನ ಮೇಲೂ ಒಂದು ಬಣ್ಣವಿದೆಯೆಂದು ನಮಗೆ ಅವತ್ತೇ ಗೊತ್ತಾದದ್ದು.

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಓಡಿಬಂದ. "ನಿಲ್ಸ್ರೇ ದರಿದ್ರ ಮುಂಡೇರಾ. ಸಾಹೇಬ್ರು ಬರ್ತಿದ್ದಾರೆ."

"ಕಸ ಗುಡಿಸ್ತಿದ್ದೀವಿ ಮೇಸ್ತ್ರಿ" ಎಂದೆ. "ಗಾಳಿ ಚೆನ್ನಾಗಿದೆಯಂತಲ್ಲ, ಬಟ್ಟೆ ಯಾಕೆ ಮೂಗಿಗೆ?"

ಅವನು ತಾನೇ ನೀರು ಹೊಡೆಯಲು ಗಾಡಿಯತ್ತ ನುಗ್ಗಿದ. ಅಲ್ಲಿ ಸುತ್ತಿಟ್ಟ ಪೈಪಿನ ಮೇಲೆ, ಡ್ರಮ್ಮಿನ ನಲ್ಲಿಗೆ ಬೆನ್ನು ಕೊಟ್ಟು, ಅತ್ತಿಗೆ ಕೂತಿದ್ದಳು.

"ಏಳೇ ಮೇಲೆ."

ಅತ್ತಿಗೆಗೆ ಕೆಮ್ಮು ಬಂತು. ಮುಗಿಯುವ ತನಕ ಅವನು ಕಾಯಬೇಕಾಯಿತು.

"ಏಳೋಕೆ ಉಸಿರಿಲ್ಲ ಕಣಪ್ಪ" ಎಂದಳು, ಬಾಯಿ ಒರೆಸಿಕೊಂಡು. "ಸಾಹೇಬ್ರು ಬರಲಿ. ಎಲ್ಲಿ ಕೆಮ್ಮು ಅಂತ ಕೇಳ್ತಿದ್ರಲ್ಲ."