ಇಳಿಯುವ ಕಡೆಯ ಸುಣ್ಣ

ಲಕ್ಷ್ಮಣಪ್ಪ ಎರಡನೆಯ ಕ್ಯಾನನ್ನೂ ಬಗ್ಗಿಸಿ ಅಣ್ಣ ಹುಲಿಗೆಪ್ಪನ ಬಲಭುಜ ತೊಳೆದ. ನೀರು ಹೊತ್ತು ಹೊತ್ತು ಅಲ್ಲಿ ಚರ್ಮ ಕಟ್ಟಿಗೆಯಂತಾಗಿತ್ತು. ಎಷ್ಟು ತಿಕ್ಕಿದರೂ ಕಪ್ಪು ಹೋಗಲಿಲ್ಲ.

"ಸಾಕು ಬಿಡೋ, ಹೋಗಂಗಿಲ್ಲ ಅದು," ಎಂದಳು ಸತ್ತ ಹುಲಿಗೆಪ್ಪನ ಹೆಂಡತಿ ಫಕೀರಮ್ಮ. "ಗುಡ್ಡದ ಮ್ಯಾಲಿನೋರಿಗೆ ಇಪ್ಪತ್ತು ವರ್ಷ ನೀರು ಹೊತ್ತ. ಮನಿ ಮುಂದಿನ ನಳಕ್ಕ ಒಂದಿನ ಪಾಳಿ ನಿಂದ್ರಲಿಲ್ಲ ಈ ಪುಣ್ಯಾತ್ಮ."

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕು, ಸೆರಗು ಬಾಯಿಗಿಟ್ಟುಕೊಂಡರು. ಆಗ ಗೂಟದಲ್ಲಿದ್ದ ಹುಲಿಗೆಪ್ಪನ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಗಳು ವಿಜಯಲಕ್ಷ್ಮಿ ಎತ್ತಿದಳು.

"ಹುಲಿಗೆಪ್ಪ, ಯಾಕೆ ಇನ್ನೂ ಬರಲಿಲ್ಲ?" ಹೆಂಗಸಿನ ದನಿ ಒಡೆದಿತ್ತು. "ನಾನು ಲಲಿತಾ, ಗುಡ್ಡದ ಮನೆಯಿಂದ. ನಮ್ಮ ಯಜಮಾನರು ಜಾರಿ ಬಿದ್ದು ಕಾಲು ಬಾತಿದೆ. ನೀರು ಬೆಳಗ್ಗೇನೇ ಮುಗೀತು. ಇಳಿಯೋಣ ಅಂದ್ರೆ ದಾರಿನೇ ಕಾಣ್ತಿಲ್ಲ..."

ಫೋನು ಕಡಿಯಿತು.

ಗಂಗಾವತಿ ಕಡೆಯ ಆ ಬಂಡೆಗುಡ್ಡದ ನೆತ್ತಿಯಲ್ಲಿ ಎರಡು ಕೋಣೆಯ ಒಂದು ಮನೆ. ಹತ್ತಿ ಹೋಗಿ ಒಂದು ರಾತ್ರಿ ತಂಗಲು ದೂರದವರು ಬರುತ್ತಿದ್ದರು. ಸಂಜೆ ಅವರನ್ನು ಹತ್ತಿಸುವುದು, ಬೆಳಿಗ್ಗೆ ನೀರು ಒಯ್ದು ಇಳಿಸಿ ತರುವುದು ಹುಲಿಗೆಪ್ಪನ ಕೆಲಸ. ಇವತ್ತು ನಸುಕಿನಲ್ಲಿ ಮೂರು ಕ್ಯಾನು ತುಂಬಿಟ್ಟು, ಮೊದಲನೆಯದನ್ನು ಎತ್ತುವಾಗಲೇ ಅಂಗಳದಲ್ಲಿ ಕುಸಿದಿದ್ದ. ಮೇಲೆ ಇಬ್ಬರು ಕಾಯುತ್ತಿರುವುದು ಅಳುವವರಾರಿಗೂ ನೆನಪಾಗಿರಲಿಲ್ಲ. ನಳ ಬಂದಿರಲಿಲ್ಲ; ಆ ನೀರಿನಲ್ಲೇ ಅವನಿಗೆ ಸ್ನಾನ ಮಾಡಿಸಿದ್ದರು.

ಒಂದು ಕ್ಯಾನು ಉಳಿದಿತ್ತು.

"ಬ್ಯಾರೆ ಯಾರನ್ನಾರ ಕಳಸೂಣು," ಎಂದ ಲಕ್ಷ್ಮಣಪ್ಪ.

"ದಾರಿ ಯಾರಿಗೆ ಗೊತ್ತೈತಿ ಕಾಕಾ? ಅಪ್ಪನ ಕೂಡ ಹೋದಾಕಿ ನಾ ಒಬ್ಬಾಕೀನ."

"ನೀ ಬರೋತನ ಹೆಣ ಇಟಗೊಂಡು ಕುಂದ್ರಾಕ ಆಗಂಗಿಲ್ಲವ್ವ. ಹೊತ್ತು ಮುಳುಗೋದ್ರೊಳಗ ಮಣ್ಣು ಕೊಡಬೇಕು. ಇರೋ ಒಬ್ಬಾಕಿ ಮಗಳು, ಒಂದು ಹಿಡಿ ಮಣ್ಣು ಹಾಕಲಿಲ್ಲಂದ್ರ ಹೆಂಗ?"

ಅವಳು ತಂದೆಯ ಮುಖ ನೋಡಿದಳು. ಅವನ ಎಲೆಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಕ್ಯಾನು ಎತ್ತಿ ಭುಜಕ್ಕಿಟ್ಟಳು.

*

ಆಗ ಅವಳಿಗೆ ಹತ್ತು ವರ್ಷ. ದಾರಿಯ ಬಂಡೆಗಳಿಗೆ ಅಪ್ಪ ಸುಣ್ಣದ ಬೊಟ್ಟು ಇಟ್ಟಿದ್ದ. ಹತ್ತುವಾಗ ಒಂದರ ಮೇಲೊಂದು ಕಾಣುತ್ತಿದ್ದವು. ಮೇಲೆ ನಿಂತು ತಿರುಗಿದರೆ ಬರೀ ಕಲ್ಲು.

"ಅಪ್ಪಾ, ಇಳಿಯೋರಿಗೆ ಕಾಣಂಗಿಲ್ಲಲ್ಲ? ಆ ಕಡೀಗೂ ಹಚ್ಚು."

"ಹುಚ್ಚಿ, ಇಳಸಾಕ ನಾ ಇರತೀನಲ್ಲ."

*

ಪ್ರತಿ ಬೊಟ್ಟಿನ ಹತ್ತಿರ ಕ್ಯಾನು ಇಳಿಸಿ, ಬಂಡೆಯ ಹಿಂದೆ ಹೋಗಿ ಅವಳು ಇನ್ನೊಂದು ಬೊಟ್ಟು ಇಟ್ಟಳು. ಕೆಲವು ಕಡೆ ಬಿಳಿಯದು ಅಪ್ಪನ ಸುಣ್ಣವೋ ಹಕ್ಕಿಯ ಹಿಕ್ಕೆಯೋ ತಿಳಿಯಲಿಲ್ಲ. ತಪ್ಪಿದ್ದರೆ? ಉಗುರಿನಿಂದ ಕೆರೆದು ನೋಡಿ ಮುಂದೆ ನಡೆದಳು.

ಲಲಿತಾ ಬಾಗಿಲಲ್ಲೇ ಕೂತಿದ್ದಳು. ಒಳಗೆ ಗಂಡ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಇಬ್ಬರೂ ಕುಡಿದರು, ಕುಡಿದ ಮೇಲೆ ಲಲಿತಾಗೆ ಸಿಟ್ಟು ಬಂತು.

"ನಿಮ್ಮಪ್ಪನಿಗೆ ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ? ನಾವು ಸತ್ತೇ ಹೋಗ್ತಿದ್ವಿ. ಹೇಳು ಅವರಿಗೆ."

"ಹೇಳ್ತೀನ್ರಿ."

ಗಂಡಸಿನ ಒಂದು ತೋಳು ಹೆಂಡತಿಯ ಹೆಗಲಿಗೆ, ಇನ್ನೊಂದು ವಿಜಯಲಕ್ಷ್ಮಿಯ ಹೆಗಲಿಗೆ. ಅರ್ಧ ಇಳಿದಿರಲಿಲ್ಲ, ಹೊತ್ತು ಪಡುವಣ ಗುಡ್ಡಕ್ಕೆ ತಾಗಿತು. ಕೆಳಗಿನಿಂದ ಹಲಗೆ ಬಾರಿಸುವ ಸದ್ದು ಬಂತು.

"ಊರಲ್ಲಿ ಏನು, ಮದುವೆನಾ?" ಲಲಿತಾ ಕೇಳಿದಳು.

"ಅಲ್ರಿ."

ಹೊಲದ ಅಂಚಿನಲ್ಲಿ ಜನ ಇರುವೆಗಳಂತೆ ಸಾಗಿ ಒಂದು ಕಡೆ ನಿಂತರು. ಹಲಗೆಯೂ ನಿಂತಿತು. ಅವಳು ಬಾಯಿ ತೆರೆದಳು. ಕೂಗಿದರೂ ಅಷ್ಟು ದೂರ ಕೇಳುವುದಿಲ್ಲ. ಬಗ್ಗಿ ಒಂದು ಹಿಡಿ ಮಣ್ಣೆತ್ತಬೇಕೆಂದರೆ, ಭುಜದ ಮೇಲಿನ ಭಾರ ಬಗ್ಗಗೊಡಲಿಲ್ಲ.

"ಯಾಕಮ್ಮ ನಿಂತೆ? ದಾರಿ ತಪ್ತಾ?"

ಕೆಳಗಿನ ಬಂಡೆಯ ಮೇಲೆ ಅವಳದೇ ಬೊಟ್ಟು, ಇನ್ನೂ ಹಸಿಯಾಗಿ, ಬಿಳಿ ಬಿಳಿ ಕಾಣುತ್ತಿತ್ತು.