ಪ್ರೇರಣಾಳ ಗ್ರೇಟೆಸ್ಟ್ ಹಿಟ್ಸ್, ಎರಡನೇ ಚರಣದ ಸಮೇತ

ಯಾವುದರಿಂದ ಶುರು ಮಾಡುವುದು? ಈ ಪ್ರಶ್ನೆ ನನಗೂ ಇದೆ, ಕಲ್ಮೇಶನಿಗೂ ಇದೆ. ಅವನಿಗೆ ಆಲ್ಬಮ್ಮಿನ ಮೊದಲ ಹಾಡು ಬೇಕು, ನನಗೆ ಕಥೆಯ ಮೊದಲ ವಾಕ್ಯ. ಅವನಾದರೂ ತಲೆ ಇರುವವನು, ದಾರಿ ಕಂಡುಕೊಳ್ಳುತ್ತಾನೆ.

೧

'ಹ್ಯೂಸ್ಟನ್ನಿನ ವಾಯವ್ಯಕ್ಕೆ ಸೈಪ್ರೆಸ್ ಎಂಬ ಬಡಾವಣೆಯುಂಟು' ಎಂದು ಬರೆದೆ. ಹೈವೇ ಬಂತು, ಸೆಕೆ ಬಂತು, ಒಂದೇ ಅಚ್ಚಿನ ಮನೆಗಳು ಬಂದವು. ಕಥೆ ಮಾತ್ರ ಬರಲಿಲ್ಲ. ಅಳಿಸಿದೆ.

೧ (ಮತ್ತೊಮ್ಮೆ)

ಕಲ್ಮೇಶ ಹುಬ್ಬಳ್ಳಿಯವನು, ಈಗ ಮನೆ ಇದೇ ಸೈಪ್ರೆಸ್ಸಿನಲ್ಲಿ. ವಾರವಿಡೀ ಒಂದು ಕಂಪನಿಯ ಡೇಟಾಬೇಸ್ ಕಾಯುತ್ತಾನೆ. ವೀಕೆಂಡ್ ಬಂದರೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡ ಕೂಟಗಳಿಗೆ ಸೌಂಡ್ ನೋಡಿಕೊಳ್ಳುತ್ತಾನೆ. ಪ್ರೇರಣಾ ಆಸ್ಟಿನ್ನಿನಲ್ಲಿರುವ ಮೈಸೂರಿನವಳು, ಟೆಕ್ಸಾಸ್ ಕನ್ನಡಿಗರ ಪಾಪ್ ಸ್ಟಾರ್. (ನಗಬೇಡಿ. ಮನೆಯಲ್ಲಿ 'ಊಟ ಆಯ್ತಾ?' ಎಂದರೆ 'ಯಾ, ಐ ಏಟ್' ಎನ್ನುವ, ಡಲ್ಲಾಸ್ ಪಕ್ಕದ ಮೆಕಿನ್ನಿಯ ಮಕ್ಕಳು ಕಾರಿನ ಹಿಂದಿನ ಸೀಟಿನಲ್ಲಿ ಅವಳ ಹಾಡನ್ನು ಒತ್ತಕ್ಷರವೂ ತಪ್ಪದಂತೆ ಹಾಡುತ್ತಾರೆ. ಆ ಸೋಜಿಗವನ್ನು ಕಿವಿಯಾರೆ ಕೇಳಿದ ಮೇಲೆ ನನ್ನ ನಗು ನಿಂತಿದೆ.)

ಈಗ ಅವಳ ಥೈರಾಯ್ಡಿನಲ್ಲಿ ಒಂದು ಗಂಟು. ಸೋಮವಾರ ಆಪರೇಷನ್. ಧ್ವನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದಂತೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೆ ಗ್ಯಾರಂಟಿ ಕೊಡಲಾರೆ ಎಂದಿದ್ದಾರೆ ಡಾಕ್ಟರು. ಹಾಗಾಗಿ ಈ ಆಲ್ಬಮ್. ಹಾಗಾಗಿ ಈ ಶನಿವಾರವೇ ರೆಕಾರ್ಡಿಂಗ್.

೨

ಒಳ್ಳೆಯ ಗ್ರೇಟೆಸ್ಟ್ ಹಿಟ್ಸ್ ಆಲ್ಬಮ್ ಎಂದರೆ ಯಾವುದು?

ಕಲ್ಮೇಶನ ಸಿದ್ಧಾಂತ ಸರಳ. ಅದು ಹಾಡಿದವರದಲ್ಲ, ಕೇಳಿದವರದು. ಮೊದಲು ಎಲ್ಲರ ಬಾಯಲ್ಲಿರುವ ಹಾಡು ಬರಬೇಕು. ನಡುವೆ ಎಲ್ಲಾದರೂ ಹಾಡಿದವಳಿಗೆ ಮಾತ್ರ ಪ್ರೀತಿಯ ಒಂದು ಹಾಡನ್ನು ಮೆಲ್ಲಗೆ ತೂರಿಸಬಹುದು, ಜನ ಕ್ಷಮಿಸುತ್ತಾರೆ. ಇಸವಿಯ ಪ್ರಕಾರ ಜೋಡಿಸುವುದು ಸೋಮಾರಿಗಳ ಕೆಲಸ. ಕೊನೆಯ ಹಾಡು ಮುಗಿದಾಗ ಡ್ರೈವ್ ಮಾಡುತ್ತಿರುವವನು ಮನೆ ಬಂದರೂ ಕಾರಿನಿಂದ ಇಳಿಯಬಾರದು.

ಪ್ರೇರಣಾ ಎಲ್ಲಕ್ಕೂ ಹೂಂಗುಟ್ಟಿದಳು. ತಕರಾರು ಹುಟ್ಟಿದ್ದು ಒಂದೇ ಹಾಡಿನಲ್ಲಿ. ಅದು 'ಸಿಗ್ನಲ್ ಬಳಿ ಸಿಗು'. ಅವಳ ಅತಿ ದೊಡ್ಡ ಹಿಟ್. ವೇದಿಕೆಯ ಮೇಲೆ ಮಾತ್ರ ಹಾಡಿದ್ದು, ಅದರ ರೆಕಾರ್ಡಿಂಗೇ ಇಲ್ಲ.

೩

ಇಲ್ಲದ್ದು ಹೇಗೆ? ಕೂಟದ ಕಾರ್ಯಕ್ರಮ ನೋಡಿದವರಿಗೆ ಹೇಳಬೇಕಾಗಿಲ್ಲ. ನಾಲ್ಕಕ್ಕೆ ಶುರು ಎಂದರೆ ಐದೂವರೆಗೆ ದೀಪ ಬೆಳಗುತ್ತದೆ. ಯಾರ ಮಕ್ಕಳ ಡಾನ್ಸನ್ನೂ ಬಿಡುವಂತಿಲ್ಲ, ಯಾವ ಸ್ಪಾನ್ಸರಿಗೂ ಶಾಲು ಹೊದಿಸದೆ ಇರುವಂತಿಲ್ಲ. ಬಾಡಿಗೆಗೆ ಹಿಡಿದ ಸ್ಕೂಲ್ ಆಡಿಟೋರಿಯಮ್ಮಿಗೆ ಹೊತ್ತಿಗೆ ಸರಿಯಾಗಿ ಬೀಗ ಬೀಳುತ್ತದೆ. ಹಾಗಾಗಿ ಮುಖ್ಯ ಕಲಾವಿದೆ ಕೊನೆಗೆ ಬಂದು, ತನ್ನ ಹಿಟ್ ಹಾಡು ಎತ್ತಿಕೊಂಡು, ಮೊದಲ ಚರಣ ಮುಗಿಸುವಷ್ಟರಲ್ಲಿ ಬಿಸಿಬೇಳೆ ಬಾತಿನ ಘಮ ಬರುತ್ತದೆ. ನಿರೂಪಣೆಯ ಎಂಸಿ ಕೈ ಆಡಿಸುತ್ತಾನೆ, ಕಲ್ಮೇಶ ವಾಲ್ಯೂಮ್ ಇಳಿಸುತ್ತಾನೆ, ಜನ ಚಪ್ಪಾಳೆ ತಟ್ಟುತ್ತ ಸಾಲಿಗೆ ಓಡುತ್ತಾರೆ. ಡಲ್ಲಾಸ್ ಕಡೆಯ ಪ್ಲೇನೋದಲ್ಲೂ ಹೀಗೆಯೇ, ಹ್ಯೂಸ್ಟನ್ ಕಡೆಯ ಪೇರ್‌ಲ್ಯಾಂಡಿನಲ್ಲೂ ಹೀಗೆಯೇ, ವರ್ಷಗಟ್ಟಲೆ ಹೀಗೆಯೇ. ಉಳಿದಿರುವುದು ಫೋನಿನ ವಿಡಿಯೋಗಳು (ಮದುವೆ, ನಾಮಕರಣಗಳಲ್ಲಿ ಹಾಕಿ ಕುಣಿಯುವುದೂ ಇವನ್ನೇ), ಅವುಗಳಲ್ಲಿ ಯಾರದೋ ಕೂಸಿನ ಅಳು.

ಈ ಹಾಡಿಗೆ ಎರಡನೇ ಚರಣವಿದೆ. ಅದನ್ನು ಯಾರೂ ಕೇಳಿಲ್ಲ.

ಕೇಳದ್ದನ್ನು ಹಿಟ್ ಎನ್ನಲಾಗದು, ಮೊದಲ ಚರಣವನ್ನೇ ಎರಡು ಸಲ ಹಾಡಿ ಮುಗಿಸೋಣ ಎಂದು ಕಲ್ಮೇಶ ವಾದಿಸಿದ. ಪ್ರೇರಣಾ ನೀರು ಕುಡಿದಳು. ಆಮೇಲೆ ಹೇಳಿದಳು:

"ಇಷ್ಟು ವರ್ಷ ಅರ್ಧ ಹಾಡಿದೀನಿ ಕಲ್ಮೇಶ್. ಸೋಮವಾರದ ಮೇಲೆ ಹೇಗೋ ಏನೋ. ಇವತ್ತು ಪೂರ್ತಿ ಹಾಡ್ತೀನಿ."

೪ (ಕೈಬಿಟ್ಟ ಡ್ರಾಫ್ಟ್)

ಇಲ್ಲಿ ನಾನೊಂದು ಜಾಣತನ ಮಾಡಿದ್ದೆ. ಹಾಡಿನಲ್ಲಿ ಸಿಗ್ನಲ್ ಬಳಿ ಬರಬೇಕಾಗಿದ್ದವನು ಬೇರೆ ಯಾರೂ ಅಲ್ಲ, ಈ ಕಲ್ಮೇಶನೇ ಎಂದು ಹಳೆಯ ಪ್ರೇಮವೊಂದನ್ನು ಹೊಸೆದಿದ್ದೆ. ಕಲ್ಮೇಶ ಸಾಲುಗಳ ನಡುವಿನಿಂದ ತಲೆ ಎತ್ತಿ ನನ್ನನ್ನು ದುರುಗುಟ್ಟಿ ನೋಡಿದ.

"ಸರ್ರ, ನಮ್ಮ ಮನ್ಯಾಗ ಬೆಂಕಿ ಹಚ್ಚಬ್ಯಾಡ್ರಿ. ನಾ ಬರೇ ಸೌಂಡ್ ಮಾಡಾಂವ."

ಅವನು ಹೇಳಿದ್ದು ನ್ಯಾಯವೇ. ಬೆರಗಿಗೆ ಪ್ರೇಮದ ಒಗ್ಗರಣೆ ಬೇಕಾಗಿಲ್ಲ. ಅಳಿಸಿದೆ.

೫

ಕಲ್ಮೇಶನ ಸ್ಟುಡಿಯೋ ಎಂದರೆ ಬೆಡ್‌ರೂಮಿನ ವಾಕ್-ಇನ್ ಕ್ಲಾಸೆಟ್, ಒಳಗೆ ನಡೆದು ಹೋಗುವಷ್ಟು ದೊಡ್ಡ ಬಟ್ಟೆ ಬೀರು. ಎರಡೂ ಕಡೆ ಹೆಂಡತಿಯ ಇಳಕಲ್, ಮೈಸೂರು ಸಿಲ್ಕ್ ಸೀರೆಗಳು. ಇಂಥ ಪ್ರತಿಧ್ವನಿ ನುಂಗುವ ಗೋಡೆಯನ್ನು ಯಾವ ಕಂಪನಿಯೂ ಮಾಡಿಲ್ಲ ಎಂದು ಅವನ ಹೆಮ್ಮೆ. ಮೈಕಿಗೆ ಎಸಿಯ ಗುಂಯ್‌ಗುಡುವಿಕೆ ಹಿಡಿಯುತ್ತದೆಂದು ಆಗಸ್ಟಿನ ನಡುಮಧ್ಯಾಹ್ನ ಇಡೀ ಮನೆಯ ಎಸಿ ಬಂದ್. ಬೇಸಿಗೆ ಕಳೆಯಲು ಬಂದಿದ್ದ ಅತ್ತೆ ಶಾಂತವ್ವ ಮಂಚದ ಮೇಲೆ ಬೆವರುತ್ತ, ಬಳೆ ಸದ್ದು ಮಾಡೀತೆಂದು ಕೈ ಅಲುಗಿಸದೆ ಕೂತಿದ್ದರು.

ಪ್ರೇರಣಾ ಹಾಡಿದಳು. ಮೊದಲ ಚರಣ ಎಲ್ಲರಿಗೂ ಗೊತ್ತಿದ್ದದ್ದೇ. ಕೆಂಪು ದೀಪ, ಹೊಸ ಅಂಗಿ, ಬೇಗ ಬಾ ಎಂಬ ತುಂಟತನ. ಅಭ್ಯಾಸಬಲದಿಂದ ಕಲ್ಮೇಶನ ಕೈ ವಾಲ್ಯೂಮಿನ ಗುಂಡಿಗೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ.

ಎರಡನೇ ಚರಣದಲ್ಲಿ ದೀಪ ಹಸಿರಾಗುತ್ತದೆ, ಮತ್ತೆ ಕೆಂಪಾಗುತ್ತದೆ. ಬರಬೇಕಾದವನು ಬರುವುದಿಲ್ಲ. ಕಾದವಳು ಅಳುವುದಿಲ್ಲ, ಸಿಟ್ಟಾಗುವುದೂ ಇಲ್ಲ. ರಸ್ತೆ ದಾಟಿ ಮನೆಗೆ ಹೋಗಿ ಅನ್ನಕ್ಕಿಡುತ್ತಾಳೆ. ಅಷ್ಟೇ. ರಾಗ ಅದೇ, ತಾಳ ಅದೇ. ಆದರೆ ಮದುವೆಗಳಲ್ಲಿ, ನಾಮಕರಣಗಳಲ್ಲಿ ತಾವೆಲ್ಲ ಕುಣಿದ ಹಾಡು ಇದೇ ಎಂದು ಕಲ್ಮೇಶನಿಗೆ ನೆನಪಾಯಿತು. ಮನುಷ್ಯರ ಗಂಟಲಿನಲ್ಲಿ, ಒಂದು ನರದ ಆಸರೆಯಲ್ಲಿ, ಇಂಥದ್ದು ಇರುತ್ತದೆಯೆ ಎಂದು ಅವನು ಬೆಪ್ಪಾಗಿ ಕೂತ. ನಾನೂ ಕೂತೆ. ಈ ಪ್ಯಾರಾ ಬರೆಯುವಾಗ ನನಗೆ ಒಂದು ಜೋಕೂ ಹೊಳೆಯಲಿಲ್ಲ.

'ಅನ್ನಕ್ಕಿಟ್ಟಳು' ಎಂಬಲ್ಲಿ ಅವಳ ದನಿ ಸೀಳಿತು.

ಮಂಚದ ಮೇಲಿಂದ ಶಾಂತವ್ವ, "ಇಷ್ಟ ದಿನಾ ಅರ್ಧಾ ಹಾಡಿಗೇ ಚಪ್ಪಾಳಿ ಹೊಡದ್ವಲ್ಲವಾ" ಅಂದರು.

ಇದೇ ಇರಲಿ, ಇದಕ್ಕಿಂತ ಒಳ್ಳೆಯ ಟೇಕ್ ಸಿಗುವುದಿಲ್ಲ ಎಂದು ಕಲ್ಮೇಶ ಅಂಗಲಾಚಿದ. ಆ ಸೀಳೇ ಹಾಡಿನ ಜೀವ ಎಂದ. (ನಾನೂ ತಲೆಯಾಡಿಸಿದೆ. ಕಥೆಗಾರರಿಗೆ ಒಡೆದ ದನಿ ಎಂದರೆ ಹಬ್ಬ.)

ಪ್ರೇರಣಾ ಸೀರೆಗಳ ಮಧ್ಯದಿಂದ ಹೊರಗೆ ಬರಲಿಲ್ಲ.

"ಇದನ್ನಿಟ್ರೆ ಜನ ಅಯ್ಯೋ ಅಂತಾರೆ. ನನಗೆ ಅಯ್ಯೋ ಬೇಡ ಕಲ್ಮೇಶ್, ಹಾಡು ಬೇಕು. ಇನ್ನೊಂದ್ಸಲ."

೬

ಅಂತ್ಯ ಅ: ಆಪರೇಷನ್ ಚೆನ್ನಾಗಿ ಆಗುತ್ತದೆ. ಡಲ್ಲಾಸಿನ ಕೂಟ ಊಟವನ್ನು ತಡೆಹಿಡಿದು ಪೂರ್ತಿ ಹಾಡು ಕೇಳುತ್ತದೆ. (ಊಟ ತಡೆಹಿಡಿಯುವುದೆ? ಯಾರು ನಂಬುತ್ತಾರೆ.)

ಅಂತ್ಯ ಆ: ದನಿ ಮರಳುವುದಿಲ್ಲ. ಆಲ್ಬಮ್ ಬಿಡುಗಡೆಯಲ್ಲಿ ಅವಳು ಮೊದಲ ಸಾಲಿನಲ್ಲಿ ಕೂತು ತನ್ನನ್ನೇ ಕೇಳುತ್ತಾಳೆ.

ಅಂತ್ಯ ಇ: ಎಂದು ಶುರು ಮಾಡಿದ್ದೆ. ಕಲ್ಮೇಶ ಹೆಡ್‌ಫೋನಿನ ಒಂದು ಕಿವಿ ಸರಿಸಿ, ನನ್ನ ಕಡೆ ತಿರುಗಿ, ಪಿಸುದನಿಯಲ್ಲಿ ಅಂದ:

"ಸೋಮವಾರದ್ದು ನೀವು ಬರೀಬ್ಯಾಡ್ರಿ ಸರ್ರ. ಅವರಿನ್ನೂ ಹಾಡಾಕತ್ತಾರ."

ಹೌದು. ಮೊದಲ ಚರಣ ಮುಗಿಯುತ್ತಿತ್ತು. ಮೈಕಿಗೆ ಕೀಬೋರ್ಡಿನ ಸದ್ದೂ ಹಿಡಿಯುತ್ತದಂತೆ. ನಾನು ಟೈಪ್ ಮಾಡುವುದನ್ನು ನಿಲ್ಲಿ